ಪಂಕ್ತಿಭೇದ

ವೈಟ್‌ಹೇವನ್ನಿನ ಗಾಳಿಗೆ ಬೇರೆ ಕೆಲಸವಿಲ್ಲ.
ಗುಡ್ಡದ ನೆತ್ತಿಯ ಈ ಸಾಲುಮನೆಗೆ
ಒಂದೇ ಒಂದು ತಾಮ್ರದ ತಂತಿ,
ಮಳೆ ಬಂದರೆ ಕೆಮ್ಮುತ್ತದೆ,
ಅದರ ಮೇಲೆ ನಾಲ್ಕು ಜನರ ಸಂಸಾರ.

ಕೆಳಗೆ ಮನೆಯೊಡೆಯ ಮೊಸಪ್, ಎಂಬತ್ತರ ಹತ್ತಿರ.
ಹಳೆಯ ರಗ್ಬಿ ಆಟಗಳನ್ನು ಇಳಿಸಿಕೊಳ್ಳುತ್ತಾನೆ,
ಇಳಿಸಿದ್ದನ್ನು ಗುರುತಿಲ್ಲದ ಊರಿಗೆಲ್ಲ ಹಂಚುತ್ತಾನೆ,
ತಾನು ಮಾತ್ರ ಯಾವುದನ್ನೂ ಪೂರ್ತಿ ನೋಡಿದವನಲ್ಲ.
ಅಟ್ಟದಲ್ಲಿ ಕೈರನ್. ರಾತ್ರಿಯಿಡೀ ಗುಂಡು ಹಾರಿಸಿ
ಕೊಲ್ಲುತ್ತಾನೆ, ಸಾಯುತ್ತಾನೆ,
ಸತ್ತಾಗಲೆಲ್ಲ ತಂತಿಯನ್ನು ಬೈಯುತ್ತಾನೆ.
ನನ್ನ ಪಕ್ಕದ ಕೋಣೆ ಎಲೆರಿಯದು. ಅವಳಿಗೆ ಕಿವಿ ಕೇಳಿಸದು.
ಅಡುಗೆಮನೆಯಲ್ಲಿ ಎದುರಾದರೆ ನಗುತ್ತೇವೆ,
'ಹಾಲು ಮುಗಿದಿದೆ' ಅಂತ ಚೀಟಿ ಬರೆಯುತ್ತೇವೆ.

ಔಷಧಿ ಅಂಗಡಿಯವರು ಗುಜರಿಗೆ ಹಾಕಿದ್ದ ಕಂಪ್ಯೂಟರು,
ನಾನೇ ಹೊತ್ತು ತಂದೆ, ಲಿನಕ್ಸ್ ತುಂಬಿದೆ,
ಮೆಟ್ಟಿಲ ಕೆಳಗೆ ಒದ್ದೆ ಬೂಟುಗಳ ಪಕ್ಕ ಕೂರಿಸಿದೆ.
ಮೊದಲು ಕಲಿತದ್ದು ಇಷ್ಟು:
ಸಾಲು ಇಲ್ಲದಂತೆ ಮಾಡಲಾಗದು,
ಎಲ್ಲಿ ನಿಲ್ಲಬೇಕೆಂದು ಹೇಳಬಹುದು.
ತಂತಿ ಒಂಬೈನೂರು ತಾಳುವುದಾದರೆ ಎಂಟುನೂರೈವತ್ತು ಎನ್ನು,
ಒಂಚೂರು ಸುಳ್ಳು;
ಆಗ ನೂಕುನುಗ್ಗಲು ಮೋಡೆಮ್ಮಿನ ಕತ್ತಲಲ್ಲಲ್ಲ,
ನಿನ್ನ ಹೊಸ್ತಿಲೊಳಗೇ, ನಿನ್ನ ಕಣ್ಣೆದುರಿಗೇ.
ಯಾರು ಮುಂದೆ ಯಾರು ಹಿಂದೆ, ನಿನ್ನ ಬಾಯಲ್ಲಿ.

ಹೇಳಿದೆ.
ಮಾತಿಗೆ ಮೊದಲ ಪಂಕ್ತಿ. ಭಾನುವಾರ ಅಕ್ಕನ ಫೋನು ಬರುತ್ತದಲ್ಲ.
ಆಟಕ್ಕೆ ಎರಡನೆಯದು, ಅಟ್ಟ ತಣ್ಣಗಿರಲಿ.
ಅಂಚೆ, ಸುದ್ದಿ, ಬ್ಯಾಂಕು ಆಮೇಲೆ.
ವಿಡಿಯೋ, ರಗ್ಬಿ, ಮತ್ತಿನ್ನೇನಿದೆಯೋ ಅದೆಲ್ಲ
ಕಡೇ ಪಂಕ್ತಿ. ಉಳಿದದ್ದು ಉಣ್ಣಲಿ.

'ಟೀಸಿ' ಎಂದು ಶುರುವಾಗುವ ಏಳೆಂಟು ಸಾಲು.
ಎಂಟರ್ ಒತ್ತಿದೆ. ಪರದೆ ಏನೂ ಅನ್ನಲಿಲ್ಲ.
ಲಿನಕ್ಸಿನಲ್ಲೂ ಹಾಗೇ,
ಮೌನವೆಂದರೆ ಸಮ್ಮತಿ.

ಅಕ್ಕನ ದನಿ ಅಂಗಳದಿಂದ ಕರೆದಷ್ಟು ಸ್ಪಷ್ಟ.
ಕೈರನ್ ಇಳಿದು ಬಂದು
ವಿನೆಗರ್ ಹಾಕಿದ ಚಿಪ್ಸಿನ ಪೊಟ್ಟಣ ನನ್ನತ್ತ ತಳ್ಳಿದ.
ಹತ್ತು ದಿನ ಬೀಗಿದೆ.

ಹನ್ನೊಂದನೆಯ ರಾತ್ರಿ ಎಲೆರಿ
ನನ್ನ ತೋಳು ಹಿಡಿದು ಕೋಣೆಗೆ ಕರೆದೊಯ್ದಳು.
ಪರದೆಯಲ್ಲಿ ಬ್ಯಾಂಗರಿನ ಅವಳ ತಂಗಿ,
ಕಾಗದವೊಂದನ್ನು ಎತ್ತಿ ಹಿಡಿದಿದ್ದಳು:
'ನಿನ್ನ ಕೈ ನಿಂತುಹೋಗಿದೆ.'

ನಿಂತಿರಲಿಲ್ಲ.
ನನ್ನ ಮೊಳದಳತೆಯಲ್ಲಿ ಆ ಬೆರಳುಗಳು
ಬಿಡಿಸುತ್ತಿದ್ದವು, ಕಟ್ಟುತ್ತಿದ್ದವು, ಹುಬ್ಬೂ ಜೊತೆಗೆ.
ಬ್ಯಾಂಗರಿನಲ್ಲಿ ಮಾತ್ರ
ಅರ್ಧ ಪದದಲ್ಲಿ ಹೆಪ್ಪುಗಟ್ಟಿದ ಕೈ.
ಎಲೆರಿ ಲಕೋಟೆಯ ಬೆನ್ನಿಗೆ ಬರೆದಳು:
'ಹತ್ತು ದಿನದಿಂದ ಹೀಗೇ. ತಂತಿ ಕೆಟ್ಟಿದೆಯಾ?'

ಕೆಟ್ಟಿರಲಿಲ್ಲ. ಹೇಳಿದಂತೆ ಕೇಳುತ್ತಿತ್ತು.

ಮದುಮಗನ ಅಂಗಿ ಹೊಲಿದವನು ನಮ್ಮಪ್ಪ.
ಆ ಮದುವೆಯಲ್ಲಿ ನಮ್ಮನ್ನು ಕೊಟ್ಟಿಗೆಯ ಪಕ್ಕ
ಕಡೆಗೆ ಕೂರಿಸಿದರು. ನನಗೆ ಏಳು ವರ್ಷ.
ಪಾಯಸದಲ್ಲಿ ಪಾತ್ರೆ ತೊಳೆದ ನೀರಿನ ರುಚಿ.
ಬಡಿಸುವವರು ಕೆಟ್ಟವರೇನಲ್ಲ,
ನಗುನಗುತ್ತಲೇ ಬಡಿಸಿದ್ದರು.

ಮೆಟ್ಟಿಲ ಕೆಳಗೆ ಕುಕ್ಕರಗಾಲಲ್ಲಿ ಕೂತೆ.
ಅವಳ ಲ್ಯಾಪ್‌ಟಾಪಿಗೆ ಮನೆ ಕೊಟ್ಟ ಸಂಖ್ಯೆ ಹದಿನಾಲ್ಕು.
ಹದಿನಾಲ್ಕಕ್ಕೆ ಮೊದಲ ಎಲೆ ಹಾಕಿದೆ.
ಏನೂ ಸದ್ದಾಗಲಿಲ್ಲ.
ಸ್ವಲ್ಪ ಹೊತ್ತಿಗೆ ಗೋಡೆಯಾಚೆ
ಎಲೆರಿ ನಕ್ಕಳು, ಗಟ್ಟಿಯಾಗಿ,
ಅವಳ ನಗೆಗೆ ಇಷ್ಟು ಗಂಟಲಿದೆಯೆಂದು
ನನಗೆ ಗೊತ್ತಿರಲಿಲ್ಲ.

ಭಾನುವಾರ ಅಕ್ಕ ರೇಗಿದಳು:
'ಏನೇ, ಬಾವಿಯೊಳಗಿಂದ ಮಾತಾಡಿದ ಹಾಗಿದೆ!'
ತಡಿ, ಅಂದೆ. ಪಕ್ಕದ ಮನೆ ಊಟಕ್ಕೆ ಕೂತಿದೆ.
ಅಟ್ಟದಲ್ಲಿ ಕೈರನ್ ಎರಡು ಸಲ ಸತ್ತ.

ಮೊಸಪ್ಪನ ಎಪ್ಪತ್ತಮೂರರ ಆಟವೊಂದು
ಶೇಕಡಾ ಮೂರಕ್ಕೆ ನಿಂತು ವಾರವಾಯಿತು.
ಅವನು ಕೇಳಿಲ್ಲ.
ಬೆಳಿಗ್ಗೆ ಬೂಟು ಹುಡುಕಲು ಬಂದವನು
ಮಿನುಗುವ ಹಸಿರು ದೀಪವನ್ನು ನೋಡಿ
'ಚೆನ್ನಾಗಿ ನಡೀತಿದೆಯಾ?' ಅಂದ.
ಹೂಂ, ಅಂದೆ.